ಮೂವತ್ತೆಂಟನೇ ಪೆಟ್ಟಿಗಿಯ ಪಾನಾ

ಭೋಸರಿ, ಪುಣೆ
೧೬ ನವೆಂಬರ್ ೨೦೨೫, ರವಿವಾರ

ರುದ್ರವ್ವ ವೈನಿ ಅವರಿಗೆ ಗೂಳಪ್ಪನ ಶರಣು.

ನಿಮ್ಮ ಕಾಗದ ದಸರಾಕ್ಕ ಬಂತು, ಬನ್ನಿ ಎಲಿ ಸಂಗಾಟ. ಇಷ್ಟು ದಿನ ಉತ್ತರ ಬರೀಲಿಲ್ಲ, ಬೈಕೊಂಡಿದ್ರ ಬೈಕೊಳ್ರಿ. ಫೋನ್ ಮಾಡಬಹುದಿತ್ತು. ನಿಮಗ ಕಿವಿ ಕೇಳಸಂಗಿಲ್ಲ, ನನಗ ತಾಳ್ಮಿ ಇಲ್ಲ. ಹಿಂದಿನ ಸಲ ನಾವಿಬ್ಬರೂ ಒದರಾಡಿ, ಕಡೀಕ ನಿಮ್ಮ ಮಗಳು ರಂಜನಾ ಫೋನ್ ಕಸಗೊಂಡು ಇಟ್ಟುಬಿಟ್ಟಳು. ಅದಕ್ಕ ಬರೀತೀನಿ. ನಾಲ್ಕನೇತ್ತಾಕ್ಕ ಸಾಲಿ ಬಿಟ್ಟವನ ಅಕ್ಷರ, ಕಾಗಿ ಕಾಲಿನಂಗ ಅದಾವ. ಆದ್ರೂ ರಂಜನಾ ಕಡೆ ಓದಿಸಬ್ಯಾಡ್ರಿ. ಚಾಳೀಸ ಹಾಕ್ಕೊಂಡು ನೀವೇ ಓದ್ರಿ.

ಇಲ್ಲಿ ಎಲ್ಲಾರೂ ಆರಾಮ ಅದಾರ. ನನಗ ಗುರುವಾರದಿಂದ ಊಟ ಸೇರವಲ್ದು. ಯಾಕ ಅಂತ ಹೇಳ್ತೀನಿ.

ಮೂರು ವಾರದಿಂದ ನಾನು ಮತ್ತ ಕಾರಖಾನಿಗೆ ಹೊಂಟೀನಿ. ನಮ್ಮ ಹಳೇ ಮಾಲಕರ ಮೊಮ್ಮಗ ಸ್ವಪ್ನಿಲ್ ಮನಿಗೇ ಬಂದಿದ್ದ. “ಕಾಕಾ, ಕೈಲೆ ರಿವೆಟ್ ಹೊಡ್ಯಾವ್ರು ನೀವೊಬ್ಬರ ಉಳದೀರಿ” ಅಂದ. “ಸತ್ತ ಮ್ಯಾಲೂ ಕರಿಯಾಕ ಬರ್ತೀರೇನು” ಅಂತ ಬೈದೆ. ಮರುದಿನ ಎಂಟಕ್ಕ ಹೋಗಿ ನಿಂತೆ.

ಕೆಲಸ ಏನಂದ್ರ, ಕೊಂಕಣದಾಗ ಶಿಂಪಲೆವಾಡಿ ಅಂತ ಮೀನುಗಾರರ ಊರು. ಸಮುದ್ರದ ದಂಡಿಗೆ ಸಿಮೆಂಟಿನ ಕಂಬದ ಮ್ಯಾಲ ಎಪ್ಪತ್ತೊಂದರ ಯುದ್ಧದ ವಿಮಾನ ನಿಲ್ಲಿಸ್ಯಾರ. ಆಗ ಅದು ದಿನಾ ಅವರ ತಲಿ ಮ್ಯಾಲಿಂದ ಹೋಗಿ ಬರ್ತಿತ್ತಂತ. ಹೊಳ್ಳಿ ಬಂದ ಸಪ್ಪಳ ಕೇಳೂತನಕ ಹೆಣ್ಮಕ್ಕಳು ಒಲಿ ಹಚ್ಚತಿದ್ದಿಲ್ಲಂತ. ಉಪ್ಪುಗಾಳಿ ತಗಡು ತಿಂದು ಜಾಳಿಗಿ ಮಾಡ್ಯದ. ಎರಡೂ ರೆಕ್ಕಿ ಬಿಚ್ಚಿ ಟ್ರೇಲರದಾಗ ಹಾಕಿ ನಮ್ಮಲ್ಲಿ ತಂದಾರ. ಅದರ ಸಂಗಾಟ ಊರ ಕಮಿಟಿಯ ಬಾಳು ಅಂತ ಒಬ್ಬಂವ ಬಂದಾನ. ಅರವತ್ತು ದಾಟಿದ ಮನಿಷಾ, ದೋಣಿ ಅದ. ರೆಕ್ಕಿ ಬಾಜೂಕ ಸ್ಟೂಲ್ ಹಾಕ್ಕೊಂಡು ಕುಂದರ್ತಾನ. ನಾ ಸುತ್ತಿಗಿ ಎತ್ತಿದ್ರ ಸಾಕು, ಮರಾಠಿಯೊಳಗ “ಹಗೂರಕ” ಅಂತಾನ.

“ನಾ ಏನ್ ಮೀನ ಕೊಯ್ಯಾಕತ್ತೀನೇನು” ಅಂದೆ.

“ಮೀನ ಆಗಿದ್ರ ನಿಮ್ಮ ಕೈಗೆ ಯಾಕ ಕೊಡ್ತಿದ್ದೆ” ಅಂದ.

ಅಂವ ಹಾಕಿದ್ದು ಒಂದ ಕರಾರು. ಎಡಗಡೆ ರೆಕ್ಕ್ಯಾಗ ಒಂದು ಸಪ್ಪಳ ಅದ, ಅದನ್ನ ತಗೀಬಾರದು. ಜೋರು ಗಾಳಿ ಬೀಸಿದ್ರ ಆ ರೆಕ್ಕಿ ಟಕ್ ಟಕ್ ಅಂತದಂತ. ದೋಣಿ ಇಳಸೂ ಮೊದಲು ಬಾಳುನ ತಾಯಿ ಹೋಗಿ ಕಂಬಕ್ಕ ಕಿವಿ ಹಚ್ತಾಳ. ಸಪ್ಪಳ ಕೇಳಿದ್ರ ಅವತ್ತು ಒಂದೂ ದೋಣಿ ನೀರಿಗಿಳಿಯೂದಿಲ್ಲ. ಪೈಲಟ್ ಬಾಗಲಾ ಬಡೀತಾನ ಅಂತಾರ. ಆ ಪೈಲಟ್ ಮುದುಕ ಆಗಿ ಹಾಸಿಗ್ಯಾಗ ಸತ್ತದ್ದು ಅವರಿಗೂ ಗೊತ್ತು. ಆದ್ರೂ ಅವನೇ ಅಂತಾರ. ನಾ ಮನಸ್ಸಿನಾಗ ನಕ್ಕೆ. ಎಲ್ಲೋ ರಿವೆಟ್ ಸಡಲ ಆಗಿರಬೇಕು ಅನಕೊಂಡೆ.

ಗುರುವಾರ ಊಟದ ಭೋಂಗಾ ಇನ್ನೂ ಆಗಿದ್ದಿಲ್ಲ. ಎಡಗಡೆ ರೆಕ್ಕಿಯ ಕೆಳಗಿನ ತಗಡು ಬಿಚ್ಚಿ ಬ್ಯಾಟರಿ ಬೆಳಕು ಬಿಟ್ಟೆ. ಒಳಗ ಒಂದು ಪಟ್ಟಿ ಹಿಂದ, ಒಣಗಿ ಕರ್ರಗಾದ ಗ್ರೀಸಿನಾಗ, ನಟ್ ಬಿಚ್ಚೂ ಒಂದು ಪಾನಾ. ಒಂದು ತುದಿ ಹಿಡಕೊಂಡಿತ್ತು, ಇನ್ನೊಂದು ತುದಿ ಅಳ್ಳಾಡತಿತ್ತು. ಟಕ್ ಟಕ್ ಅನ್ನೂದು ಇದ. ಘಾಸಲೇಟ ಎಣ್ಣ್ಯಾಗ ಅದ್ದಿ ಒರಸಿದೆ. ಮ್ಯಾಲ ನಂಬರಿನ ಠಸ್ಸಿ ಹೊಡದಿದ್ರು. ಮೂವತ್ತೆಂಟು. ಅದರ ಕೆಳಗ ಒಂಬತ್ತು.

ವೈನಿ, ಆ ನಂಬರ ಎರಡು ಸಲ ಓದಿದೆ. ಕುಂದರಬೇಕಂತ ಹಿಂದ ಸರದೆ, ಬಾಳುನ ತೊಡಿ ಮ್ಯಾಲ ಕುಂತೆ. ಅಂವ ನನ್ನ ಮಾರಿ ನೋಡಿ ನೀರು ತರಿಸಿದ.

ನೀವು ಲಗ್ನಾಗಿ ಬರೂ ಮೊದಲಿನ ಮಾತು, ಆದ್ರ ನಿಮಗ ಬಾಯಿಪಾಠ ಅದ. ರಾಮಲಿಂಗಪ್ಪ ಅಣ್ಣ ಯುದ್ಧದಾಗ ಒಬ್ಬ ಠೇಕೇದಾರನ ಕೈಯಾಗ ವಿಮಾನ ರಿಪೇರಿ ಫಿಟರ್ ಇದ್ದ. ಒಬ್ಬೊಬ್ಬಗ ಒಂದೊಂದು ನಂಬರಿನ ಪೆಟ್ಟಿಗಿ, ಪೆಟ್ಟಿಗ್ಯಾಗ ಒಂದೊಂದು ಪಾನಾಕ್ಕೂ ನಂಬರ. ಸಂಜಿಗೆ ಎಣಿಸಿ ಒಪ್ಪಸಬೇಕು. ಒಂದಿನ ಅಣ್ಣನ ಮೂವತ್ತೆಂಟನೇ ಪೆಟ್ಟಿಗ್ಯಾಗ ಒಂಬತ್ತನೇದು ಇದ್ದಿಲ್ಲ. ವಿಮಾನ ಆಗಲೇ ಹಾರಿತ್ತು. ಅಣ್ಣ ತಾನಾಗೇ ಓಡಿ ಹೋಗಿ ಹೇಳಿದ, “ಎಡಗಡೆ ರೆಕ್ಕ್ಯಾಗ ಬಿಟ್ಟೀನಿ. ಇಳಿದ ಕೂಡಲೇ ತಗಡು ಬಿಚ್ಚಿ ನೋಡ್ರಿ.” ಠೇಕೇದಾರ, “ನಿನ್ನ ಪಾನಾದ ಸಲುವಾಗಿ ಯುದ್ಧ ನಿಲ್ಲಸಬೇಕೇನು, ನೀನೇ ಬಜಾರದಾಗ ಮಾರಿಕೊಂಡಿ” ಅಂತ ಕಳುವಿನ ಚೀಟಿ ಬರದು ಮನಿಗೆ ಅಟ್ಟಿದ.

ಸಾಮಾನು ಒಳಗ ಬಿಟ್ಟದ್ದು ದೊಡ್ಡ ತಪ್ಪು. ಪೈಲಟ್ ಸಾಯಬಹುದಿತ್ತು. ನಾನೂ ಫಿಟರನ, ಅದನ್ನ ಸಣ್ಣದು ಅನ್ನೂದಿಲ್ಲ. ಆದ್ರ ಅಂವ ತಪ್ಪು ಮುಚ್ಚಲಿಲ್ಲ. ಬಾಯಿಬಿಟ್ಟು ಹೇಳಿದವಗ ಕಳ್ಳ ಅಂದ್ರು. ಅಪ್ಪ ನಂಬಲಿಲ್ಲ. ನಾನೂ ನಂಬಲಿಲ್ಲ. ಕಳ್ಳಗ ಹೆಣ್ಣು ಕೊಡ್ತೀಯೇನು ಅಂತ ನಿಮ್ಮಪ್ಪಗ ಊರಾಗ ಕೇಳಿದ್ದು ನಿಮಗೂ ಗೊತ್ತು. ನೀವು ನಂಬಿದ್ರೋ ಇಲ್ಲೋ, ನಾ ಎಂದೂ ಕೇಳಲಿಲ್ಲ.

ಆಮ್ಯಾಲ ಬೈಲಹೊಂಗಲದ ತನ್ನ ಸೈಕಲ್ ಅಂಗಡ್ಯಾಗ ಅಣ್ಣ ಗ್ವಾಡಿ ಮ್ಯಾಲ ಒಂದೊಂದು ಪಾನಾದ ಗುರುತು ಬಣ್ಣದಲೆ ಬರದಿದ್ದ. ಸಂಜಿಗೆ ಎಣಿಸಿದ ಮ್ಯಾಲ ಊಟ. ಮನ್ಯಾಗ ಚಮಚಾ ಸೈತ ಎಣಸ್ತಾನ ಅಂತ ನೀವು ಸಿಟ್ಟಿಗೇಳತಿದ್ರಿ. ಒಂಬತ್ತನೇ ಗುರುತಿನ ಮ್ಯಾಲ ಮಾತ್ರ ಅಂವ ಸಾಯೂತನಕ ಏನೂ ತೂಗಹಾಕಲಿಲ್ಲ.

ಇದರ ಮಾಲಕ ಯಾರು ಅಂತ ಬಾಳು ಕೇಳಿದ. ನಮ್ಮ ಅಣ್ಣ ಅಂದೆ. ಎಲ್ಲಾ ಹೇಳಿದೆ. ಅಂವ ಪಾನಾ ಎರಡೂ ಕೈಲೆ ತಗೊಂಡು ಕಣ್ಣಿಗೆ ಒತ್ತಿಕೊಂಡ. “ಇಷ್ಟು ವರ್ಷ ನಮ್ಮ ದೋಣಿ ನಿಮ್ಮ ಅಣ್ಣನ ಮಾತು ಕೇಳಿ ದಂಡಿಗೆ ನಿಂತಾವ” ಅಂದ. ಅಂವ ಎದ್ದು ಹೊರಗ ಹೋದ. ನಾನೂ ರೆಕ್ಕಿ ಕಡೆ ಮಾರಿ ಮಾಡಿ ನಿಂತೆ.

ಈಗ ಬಾಳುನ ಊರಾಗಿನವರು ಪಾನಾ ಹೊಳ್ಳಿ ರೆಕ್ಕ್ಯಾಗ ಇಡ್ರಿ ಅಂತಾರ. ಅಳ್ಳಾಡೂವಂಗ, ಆದ್ರ ಬೀಳಲಾರದಂಗ. ಕಂಬದ ಕಲ್ಲಿನ ಮ್ಯಾಲ ಪೈಲಟನ ಹೆಸರಿನ ಕೆಳಗ ಅಣ್ಣನ ಹೆಸರೂ ಕೆತ್ತಸ್ತಾರಂತ. ನಾ ಹೂಂ ಅನ್ನಲಿಲ್ಲ. ಅದು ನನ್ನದಲ್ಲ, ಅವನ ಹೇಣ್ತಿ ಅದಾಳ, ಆಕೀನ ಕೇಳಬೇಕು ಅಂದೆ. ಗ್ವಾಡಿ ಮ್ಯಾಲಿನ ಒಂಬತ್ತನೇ ಗುರುತಿಗೆ ತೂಗಹಾಕ್ತೀನಿ ಅಂತ ನೀವು ಅಂದ್ರ ನಿಮಗ ತಂದು ಕೊಡ್ತೀನಿ. ಯಾರೂ ತಕರಾರು ಮಾಡೂದಿಲ್ಲ, ಮಾಡಿದ್ರ ನಾ ಅದೀನಿ. ರೆಕ್ಕ್ಯಾಗ ಇರಲಿ ಅಂದ್ರ ನನ್ನ ಕೈಲೆ ಇಟ್ಟು ರಿವೆಟ್ ಹೊಡೀತೀನಿ. ಡಿಸೆಂಬರ್ ಮೊದಲ ವಾರದಾಗ ಅವರು ಅಲ್ಲಿ ಯುದ್ಧದ ನೆನಪಿಗೆ ದೀಪ ಹಚ್ಚೂ ದಿನ ಅದ. ಅದರೊಳಗ ಟ್ರೇಲರ್ ಹೊಂಡಬೇಕು. ತಗಡು ತೆರದ ಇಟ್ಟೀನಿ. ವೈನಿ ಕಾಗದ ಬರೂತನಕ ಯಾರೂ ಮುಟ್ಟಬಾರದು ಅಂತ ಸ್ವಪ್ನಿಲಗ ಹೇಳೀನಿ.

ರಂಜನಾಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ಮುಂಜಾನೆ ಥಂಡ್ಯಾಗ ಅಂಗಳಕ್ಕ ಬರಬ್ಯಾಡ್ರಿ. ದೇವರು ನಿಮ್ಮನ್ನ ಗಟ್ಟಿ ಇಟ್ಟಿರಲಿ.

ನಿಮ್ಮ ಮೈದುನ,
ಗೂಳಪ್ಪ

ತಾ.ಕ.: ಲಕೋಟಿ ಅಂಟಸಿದ್ದೆ, ಹರದೆ. ಎಂಬತ್ನಾಲ್ಕರಾಗ ಅಣ್ಣ ಇಲ್ಲಿ ಕಾರಖಾನ್ಯಾಗ ನನ್ನ ಕೈಕೆಳಗ ಕೆಲಸಕ್ಕ ಬಂದು, ಹನ್ನೊಂದನೇ ದಿನಕ್ಕ ಊರಿಗೆ ಹೊಳ್ಳಿ ಹೋದ. ಪುಣೆ ನೀರು ಒಗ್ಗಲಿಲ್ಲ ಅಂತ ನಿಮಗ ಹೇಳಿದ್ದ. ಸುಳ್ಳು. ಅವತ್ತು ನನ್ನ ಅಳತಿ ಮಾಡೂ ವರ್ನಿಯರ್ ಕಾಣಲಿಲ್ಲ. ಗೇಟಿನಾಗ ನಾಲ್ವತ್ತು ಮಂದಿ ಮುಂದ ಮೊದಲು ಅವನ ಚೀಲ ತೆಗಿಸಿದೆ. ಅಂವ ಡಬ್ಬಿ ಮುಚ್ಚಳಾ ಸೈತ ತಗದು ತೋರಿಸಿದ. ನೀವು ಕಟ್ಟಿಕೊಟ್ಟ ಶೇಂಗಾ ಚಟ್ನಿ ಇತ್ತು. ಮರುದಿನ ವರ್ನಿಯರ್ ನನ್ನ ಇನ್ನೊಂದು ಕೋಟಿನ ಬಕ್ಕಣದಾಗ ಸಿಕ್ತು. ಸುಮ್ಮನ ಟೇಬಲ್ಲಿನ ಖಾನ್ಯಾಗ ಇಟ್ಟೆ. ಯಾರಿಗೂ ಹೇಳಲಿಲ್ಲ. ಅವಗೂ ಹೇಳಲಿಲ್ಲ. ಅಂವ ಇನ್ನೂ ಮೂವತ್ತೈದು ವರ್ಷ ಬದುಕಿದ್ದ, ಹೇಳಬಹುದಿತ್ತು.

ಪಾನಾ ಎಲ್ಲಿರಬೇಕು ಅಂತ ಬರೀರಿ. ನಾ ನಿಮ್ಮ ಬಾಗಲಿಗೆ ಬರಬೇಕೋ ಬ್ಯಾಡೋ, ಅದನ್ನೂ ಬರೀರಿ.