ಪಾದದೊಳಗಿನ ಆರು ಸ್ಕ್ರೂ

ಮಾರ್ಚ್ 4, ಬೆಳಿಗ್ಗೆ

ಎಡಗಾಲಿಗೆ ಎರಡು ಕಾಲುಚೀಲ, ಮೇಲೆ ಶೂ. ಆದರೂ ಚುಚ್ಚುತ್ತದೆ. ಒಂದು ಪ್ಲೇಟು, ಆರು ಸ್ಕ್ರೂ — ವರ್ಷವಾಯಿತು. ಡಾಕ್ಟರು ನಿನ್ನೆ, "ಮೂಳೆ ಕೂಡಿದೆ. ನೋವಿದ್ರೆ ತೆಗೆಯೋಣ, ಇಲ್ದಿದ್ರೆ ಇರ್ಲಿ. ನಿಮ್ಮಿಷ್ಟ" ಎಂದರು. ಹದಿನೆಂಟನೇ ತಾರೀಕಿಗೆ ಆಪರೇಷನ್ ಬರೆಸಿ ಬಂದೆ.

ಭಾವ ಜೊತೆಗೆ ಬರುತ್ತಾನಂತೆ. ಎಂಥ ಕರುಣೆ! ಏಕವಚನವೇ ಸಾಕು ಇವನಿಗೆ, ಇಲ್ಲಿ ಯಾರು ಓದುತ್ತಾರೆ? ನಮ್ಮ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಥಾನುಗಳ ಗಾಡಿಯ ಚಕ್ರಕ್ಕೆ ಕೊಟ್ಟಿದ್ದ ಬೆಣೆ ಕಿತ್ತು, ಗಾಳಿ ಬರಲೆಂದು ಬಾಗಿಲಿಗೆ ಸಿಕ್ಕಿಸಿದವನು ಇವನೇ. ಗಾಡಿ ಉರುಳಿದ್ದು ನನ್ನ ಪಾದದ ಮೇಲೆ. ಸೂಪರ್‌ವೈಸರ್ ಅಲ್ಲವೇ — ರಿಪೋರ್ಟಿನಲ್ಲಿ "ಮೆಟ್ಟಿಲಲ್ಲಿ ಎಡವಿದಳು" ಎಂದು ಬರೆದ. ಅಕ್ಕನ ಮುಖ ನೋಡಿ ಸಹಿ ಹಾಕಿದೆ. ಅವಳಿಗೆ ಇಂದಿಗೂ ಗೊತ್ತಿಲ್ಲ.

ಮಾರ್ಚ್ 9

ನಾನು ಕುಂಟುತ್ತಾ ಹೋದರೆ ತಲೆ ತಗ್ಗಿಸುತ್ತಾನೆ! ಇಷ್ಟು ದಿನ ಗಮನಿಸಿರಲೇ ಇಲ್ಲ. ನೀರಿನ ಕ್ಯಾನ್ ನಾನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ ಇದೆ. ಬೇಕೆಂದೇ ಅವನ ಮೇಜು ಸುತ್ತಿ ಹೋದೆ. ಏಳು ಸಲ. ಹೊಟ್ಟೆ ತಣ್ಣಗಾಯಿತು.

ಮಾರ್ಚ್ 16, ಸಂಜೆ

ಅಕ್ಕ ಬಂದಿದ್ದಳು.

"ತೆಗೆಸ್ಕೊಂಡ್ಬಿಡೇ. ನಿನ್ನ ಕಾಲು ನೋಡಿದ್ರೆ ಅವ್ರಿಗೆ ಊಟ ಸೇರಲ್ಲ."

"ಸೇರಬಾರ್ದು ಅಂತ್ಲೇ ಇಟ್ಕೋತೀನಿ."

"ಹಂಗಂದ್ರೆ?"

"ನಿನ್ ಗಂಡನ್ನೇ ಕೇಳು."

ಬಾಯಿ ಜಾರಿತು. ಜಾರಲಿ. ಆಸ್ಪತ್ರೆಗೆ ಫೋನ್ ಮಾಡಿ ಹದಿನೆಂಟನೇ ತಾರೀಕು ಕ್ಯಾನ್ಸಲ್. ಅನುಭವಿಸಲಿ.

ಮೇ 2

ಪಾದ ಊದಿದೆ. ಅದಿರಲಿ... ಇವತ್ತು ಭಾವ ಎಲ್ಲರೆದುರು ನಿಂತು ಹೊಸ ರಿಪೋರ್ಟು ಓದಿದ. "ಬೆಣೆ ತೆಗೆದವನು ನಾನು. ಸುಳ್ಳು ಬರೆದವನೂ ನಾನೇ." ಅಕ್ಕ ಒಂದೂವರೆ ತಿಂಗಳು ಅವನ ಜೊತೆ ಮಾತೇ ಬಿಟ್ಟಿದ್ದಳಂತೆ. ಮಧ್ಯಾಹ್ನಕ್ಕೆ ಕೆಲಸದಿಂದ ತೆಗೆದರು. ಹೋಗುವಾಗ ನನ್ನ ಕಡೆ ನೋಡಿದ. ನಾನು ಕತ್ತರಿಸುತ್ತಲೇ ಇದ್ದೆ. ಅಂಗಿಯ ತೋಳು ಸೊಟ್ಟಗಾಯಿತು.

ಮೇ 11

ಖಾಲಿ ಕುರ್ಚಿ. ಅಭ್ಯಾಸಬಲ — ಅವನ ಮೇಜು ಸುತ್ತಿ ಬಂದೆ. ತಲೆ ತಗ್ಗಿಸಲು ಯಾರೂ ಇಲ್ಲ. ಥೂ, ಎಷ್ಟು ನೋಯುತ್ತದೆ ಇದು! ಮತ್ತೆ ಆಸ್ಪತ್ರೆಗೆ ಫೋನ್ ಮಾಡಿದೆ.

ಮೇ 23, ಬೆಳಿಗ್ಗೆ 7.40, ವಾರ್ಡು

ಸ್ಕ್ರೂಗಳನ್ನು ಡಬ್ಬಿಯಲ್ಲಿ ಹಾಕಿ ಕೊಡಿ ಎಂದಿದ್ದೇನೆ. ಅವನ ಕೈಗೇ ಕೊಡುತ್ತೇನೆ, ಆರೂ ಎಣಿಸಿ.

ಪರದೆಯ ಕೆಳಗೆ ಅಕ್ಕನ ಚಪ್ಪಲಿ. ಪಕ್ಕದಲ್ಲಿ ಇನ್ನೊಂದು ಜೊತೆ, ದೊಡ್ಡದು.

ನರ್ಸ್ ಕೇಳಿದಳು: "ನಿಮ್ ಭಾವ ಅಂತೆ. ಆರು ಗಂಟೆಯಿಂದ ನಿಂತಿದಾರೆ. ಕಳಿಸ್ಲಾ?"

"ನಿಂತಿರ್ಲಿ. ಕುರ್ಚಿನೂ ಕೊಡ್ಬೇಡಿ."

ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಸ್ಟ್ರೆಚರ್ ತಂದು ಬಿಟ್ಟು ಹೋದರು. ಬ್ರೇಕ್ ಹಾಕಿಲ್ಲ, ಮೆಲ್ಲಗೆ ಜರುಗುತ್ತಿದೆ... ಪರದೆಯ ಕೆಳಗಿಂದ ಆ ದೊಡ್ಡ ಚಪ್ಪಲಿ ಒಳಗೆ ಬಂತು. ಚಕ್ರಕ್ಕೆ ಅಡ್ಡ ಪಾದ ಕೊಟ್ಟು ನಿಂತಿದ್ದಾರೆ. ನಾನು —