ನಾಲ್ಕು ಮನೆಯ ಹುಡುಗನಿಗೆ ಜಾಮೀನು

ಪ್ರೀತಿಯ ಹಮೀದಾಕ,

ನೀವು ಗಲ್ಫ್ ಬಿಟ್ಟು ಊರಿಗೆ ಮರಳಿದ ಮೇಲೆ ಇಲ್ಲಿ ಉಮ್ ಅಲ್ ಹಸ್ಸಮ್‌ನ ನಿಮ್ಮ ಕೋಲ್ಡ್ ಸ್ಟೋರ್‌ ದಿನಸಿ ಅಂಗಡಿಯಲ್ಲಿ ಈಗ ಮಲಯಾಳಿಯೊಬ್ಬರು ಕೂತಿದ್ದಾರೆ. ಒಳ್ಳೆಯ ಮನುಷ್ಯ, ಆದರೆ ಪೇಪರನ್ನು ಪುಕ್ಕಟೆ ಓದಲು ಬಿಡುವುದಿಲ್ಲ. ನೀವು ಬಿಡುತ್ತಿದ್ದಿರಿ, ಜೊತೆಗೆ ಒಂದು ಲೋಟ ಸುಲೈಮಾನಿ ಚಹಾ ಬೇರೆ.

ಬರೆಯುತ್ತಿರುವುದು ನಮ್ಮ ಶ್ರುತಿಯ ವಿಷಯಕ್ಕೆ. ಜಿಂಜ್‌ನ ನಮ್ಮ ಫ್ಲ್ಯಾಟಿನಿಂದ ನಿಮ್ಮಂಗಡಿಗೆ ಚಾಕಲೇಟಿಗೆಂದು ನನ್ನ ಕೈ ಹಿಡಿದು ಬರುತ್ತಿದ್ದ ಹುಡುಗಿ ಆಸ್ಟ್ರೇಲಿಯಾದಲ್ಲಿ ವಕೀಲೆಯಾದದ್ದು ನಿಮಗೆ ಗೊತ್ತೇ ಇದೆ. ಈಗ ಅವಳು ಅಲ್ಲಿನ ಮೂಲನಿವಾಸಿಗಳ, ಅಂದರೆ ಅಬೊರಿಜಿನಲ್ ಸಮುದಾಯದ ಮಕ್ಕಳ ಜಾಮೀನು ಕೇಸುಗಳನ್ನು ನಡೆಸುತ್ತಾಳೆ.

ಹೋದ ತಿಂಗಳು ಫೋನ್ ಮಾಡಿದಾಗ ಅವಳ ಸ್ವರ ಸಪ್ಪಗಿತ್ತು. ಹದಿನಾರರ ಹುಡುಗ, ಹೆಸರನ್ನು ಅವಳು ಅಪ್ಪನಾದ ನನಗೂ ಹೇಳುವಂತಿಲ್ಲ, ಕಾನೂನು. ಯಾರದೋ ಕಾರು ಹತ್ತಿ ಸುತ್ತಾಡಿದ ಆರೋಪ. ರಾತ್ರಿ ತಾಯಿಯ ಮನೆಯಲ್ಲೇ ಇರಬೇಕೆಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತ್ತು. ಪೊಲೀಸರು ಬಂದು ನೋಡಿದರೆ ಹುಡುಗ ಅಲ್ಲಿಲ್ಲ. ಎರಡು ಬೀದಿ ಆಚೆ, ದೊಡ್ಡಮ್ಮನ ಮನೆಯಲ್ಲಿ ಉಂಡು ಮಲಗಿದ್ದಾನೆ. ಷರತ್ತು ಮುರಿದಂತಾಯಿತು. ಮತ್ತೆ ಒಳಗೆ.

"ಅವನು ಎಲ್ಲಿಗೂ ಓಡಿಹೋಗಿಲ್ಲ ಪಪ್ಪಾ. ಅಮ್ಮ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಎಲ್ಲರ ಮನೆಯೂ ಅವನ ಮನೆಯೇ. ಕೋರ್ಟ್‌ಗೆ ಒಂದೇ ಅಡ್ರೆಸ್ ಬೇಕು" ಎಂದಳು. ಈ ಸಲ ಜಾಮೀನು ಸಿಗದಿದ್ದರೆ ಕೇಸು ಮುಗಿಯುವವರೆಗೆ ಹುಡುಗ ಒಳಗೇ.

ನನಗೆ ತಟ್ಟನೆ ಪ್ರವೀಣನ ನೆನಪಾಯಿತು. ನೀವು ಮರೆತಿರಲಿಕ್ಕಿಲ್ಲ, ಅಲ್ಲವೇ? ಗುಫೂಲ್‌ನ ಖಾಲಿ ಜಾಗದಲ್ಲಿ ಕ್ರಿಕೆಟ್ ಆಡಿ, ಕಾರಿನ ಗಾಜು ಒಡೆದು, ಕಾರಿನವನ ಜೊತೆ ಕೈಕೈ ಮಿಲಾಯಿಸಿ ಠಾಣೆ ಸೇರಿದ ನಮ್ಮೂರಿನ ಎ.ಸಿ. ಮೆಕ್ಯಾನಿಕ್. ನೀವು ನಿಮ್ಮ ಪಾಸ್‌ಪೋರ್ಟನ್ನೇ ಜಾಮೀನಾಗಿ ಮೇಜಿನ ಮೇಲಿಟ್ಟಿರಿ. ಇವನ ವಾಸ ಎಲ್ಲಿ ಎಂದು ಅಧಿಕಾರಿ ಕೇಳಿದ. ನೀವು ಅರಬಿಯಲ್ಲಿ ಏನೋ ಹೇಳಿದಿರಿ, ಅವನು ನಕ್ಕುಬಿಟ್ಟ. ಹೊರಗೆ ಬಂದ ಮೇಲೆ ನನಗೆ ವಿವರಿಸಿದಿರಿ.

"ಊಟ ನಮ್ಮಲ್ಲಿ, ನಿದ್ದೆ ನಿನ್ನ ಫ್ಲ್ಯಾಟಲ್ಲಿ, ಬಟ್ಟೆ ಒಗೆಯುವುದು ಇನ್ನೊಬ್ರ ಮನೇಲಿ ಅಂದೆ. ಒಂದು ದಿನ ಕಾಣದಿದ್ರೆ ಹುಡುಕ್ಲಿಕ್ಕೆ ಮೂರು ಮನೆಯವ್ರು ಉಂಟು ಅಂದೆ ಮಾರಾಯ."

ಪ್ರವೀಣನಿಗೆ ಅದ್ಯಾವುದೂ ಬೇಕಿರಲಿಲ್ಲ. "ಹಮೀದಾಕ, ಇವತ್ತು ಊಟ ಉಂಟಾ?"

"ಉಂಟು. ಬ್ಯಾಟ್ ಮುಟ್ಟಿದ್ರೆ ಇಲ್ಲ."

ಶ್ರುತಿಗೆ ಇದನ್ನೆಲ್ಲ ಹೇಳಿದೆ. "ಇಲ್ಲಿ ಜೋಕ್ ಹೇಳಿದ್ರೆ ಬೇಲ್ ಕೊಡಲ್ಲ ಪಪ್ಪಾ" ಎಂದು ನಕ್ಕಳು. "ಆದ್ರೆ ಹುಡುಕೋರು ಜಾಸ್ತಿ ಇದ್ದಾರೆ ಅನ್ನೋದು ಪಾಯಿಂಟ್" ಎಂದಳು. ಮರುದಿನದಿಂದಲೇ ಆ ನಾಲ್ಕೂ ಮನೆಗಳಿಗೆ ಹೋಗಿ ಕೂತಳು. ಯಾವ ರಾತ್ರಿ ಹುಡುಗ ಎಲ್ಲಿರುತ್ತಾನೆ, ಪೊಲೀಸರಿಗೆ ಮೊದಲೇ ತಿಳಿಸುವವರು ಯಾರು, ಎಲ್ಲವನ್ನೂ ಆ ಹೆಂಗಸರೇ ಮಾತಾಡಿಕೊಂಡು ತೀರ್ಮಾನಿಸಿದರು. ವಿಚಾರಣೆಯ ದಿನ ನಾಲ್ವರೂ ಕೋರ್ಟಿನ ಒಂದೇ ಬೆಂಚಿನಲ್ಲಿ ಕೂತರಂತೆ.

ಹುಡುಗನಿಗೆ ಸ್ಥಿರ ವಿಳಾಸವಿಲ್ಲ ಎಂದು ಎದುರು ಪಕ್ಷದ ವಕೀಲರು ವಾದಿಸಿದರು. ಮ್ಯಾಜಿಸ್ಟ್ರೇಟ್ ಅಜ್ಜಿಯನ್ನೇ ಕೇಳಿದರು: ಅವನು ನಿಮ್ಮ ಮನೆಯಲ್ಲಿಲ್ಲ ಎಂಬುದು ನಿಮಗೆ ಹೇಗೆ ಗೊತ್ತಾಗುತ್ತದೆ?

"ಫ್ರಿಜ್ ತೆರೆದರೆ ಗೊತ್ತಾಗುತ್ತದೆ. ಅದರಲ್ಲಿ ಏನಾದರೂ ಉಳಿದಿದ್ದರೆ ಅವನು ನನ್ನ ಮಗಳ ಮನೆಯಲ್ಲಿದ್ದಾನೆ" ಎಂದರಂತೆ ಅಜ್ಜಿ.

ಜಾಮೀನು ಸಿಕ್ಕಿತು ಹಮೀದಾಕ, ನಾಲ್ಕೂ ವಿಳಾಸಗಳ ಸಮೇತ. ಆದರೆ ಜಾಮೀನು ಸಿಕ್ಕಿದರೆ ಸಾಕೇ? ಮುಂದಿನ ತಾರೀಕಿಗೆ ಹುಡುಗ ಬರಬೇಕಲ್ಲ. ಬಾರದೆ ಹೋದರೆ, ಇಂಥ ವಿಳಾಸ ಹಿಡಿದು ಬರುವ ಇನ್ನೊಬ್ಬನನ್ನು ಯಾರು ನಂಬುತ್ತಾರೆ? ನಾನೂ ಒಳಗೊಳಗೇ ಹೆದರಿದ್ದೆ.

ಆ ತಾರೀಕು ನಿನ್ನೆ ಇತ್ತು. ಶ್ರುತಿ ತಲುಪಿದಾಗ ಕೋರ್ಟಿನ ಬಾಗಿಲನ್ನು ಇನ್ನೂ ತೆರೆದಿರಲಿಲ್ಲವಂತೆ. ಹುಡುಗ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಆಕಳಿಸುತ್ತಾ ಕೂತಿದ್ದನಂತೆ. ಇಷ್ಟು ಬೇಗ ಏಕೆ ಬಂದೆ ಎಂದು ಕೇಳಿದಳು.

"ನಾಲ್ವರೂ ಎಬ್ಬಿಸಿದರು" ಎಂದನಂತೆ, "ಒಬ್ಬರಾದ ಮೇಲೆ ಒಬ್ಬರು."