ಹಗ್ಗ ಬಿಚ್ಚುವ ಮೊದಲೇ ಓಡುವ ಗಡಿಯಾರ

ದೋಣಿವಿಹಾರ ಕೇಂದ್ರದ ಮಾನ್ಯ ವ್ಯವಸ್ಥಾಪಕರೇ,

ಕಂಬಕ್ಕೆ ಕಟ್ಟಿಹಾಕಿದ ದೋಣಿಯೊಂದು ನಿಂತಲ್ಲೇ ನಿಂತು ವಿಹಾರ ಮುಗಿಸಬಲ್ಲದು ಎಂಬ ಸಂಗತಿ ಕಳೆದ ಭಾನುವಾರದವರೆಗೂ ನನಗೆ ತಿಳಿದಿರಲಿಲ್ಲ. ತಮ್ಮ ಕೇಂದ್ರದ ಕೃಪೆಯಿಂದ ತಿಳಿಯಿತು. ನಾನೂ ನನ್ನ ದೊಡ್ಡಮ್ಮನೂ ಗೊತ್ತುಮಾಡಿಕೊಂಡ ಹೊತ್ತಿಗಿಂತ ತುಸು ತಡವಾಗಿ ಬಂದೆವು. ನಾವು ಕಾಯ್ದಿರಿಸಿದ ಅರ್ಧ ಗಂಟೆ ಮಾತ್ರ ನಮಗಾಗಿ ಕಾಯದೆ ಹೊರಟುಬಿಟ್ಟಿತ್ತು. ನಾವು ದೋಣಿ ಹತ್ತುವಷ್ಟರಲ್ಲಿ ಅದರ ಬಹುಪಾಲು ಕಂಬದ ಬಳಿಯೇ ಮುಗಿದಿತ್ತು. ಅದಕ್ಕೆ ಪೂರ್ತಿ ಬಾಡಿಗೆ ಕೊಟ್ಟೆವು. ಮರಳಿ ಬಂದಾಗ, ಬಂದದ್ದು ತಡವಾಯಿತೆಂದು ಮೇಲೊಂದು ಶುಲ್ಕವನ್ನೂ ಕೊಟ್ಟೆವು. ತಡವಾಗಿ ಹೊರಟವರು ತಡವಾಗಿ ಬರದೆ ಮತ್ತೇನು ಮೊದಲೇ ಬಂದುಬಿಡುತ್ತಾರೆಯೇ ಸ್ವಾಮಿ? ಒಂದೇ ತಪ್ಪಿಗೆ ಹೋಗುವಾಗ ಒಂದು ಬರೆ, ಬರುವಾಗ ಒಂದು ಬರೆ ಎಳೆಯುವ ಈ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ದಯವಿಟ್ಟು ತಿಳಿಸಬೇಕು.

ತಡವೆಂದರೇನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ದರ್ಜಿ. "ನಾಳೆ ಬೆಳಗ್ಗೆಗೆ ಬೇಕೇ ಬೇಕು, ಇಲ್ಲಾಂದ್ರೆ ಮಾನ ಹೋಗುತ್ತೆ" ಎಂದು ಕುತ್ತಿಗೆಯ ಮೇಲೆ ಕೂತು ಹೊಲಿಸಿಕೊಂಡವರು ಮಳೆಗಾಲ ಕಳೆದು ಚಳಿಗಾಲ ಬಂದರೂ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಒಬ್ಬ ಮೇಷ್ಟರ ಕೋಟು ನನ್ನ ಗೋಡೆಯ ಮೊಳೆಯಲ್ಲಿ ಎಷ್ಟು ಕಾಲ ನೇತಾಡಿತೆಂದರೆ, ಅವರು ಬಂದು ತೊಟ್ಟು ನೋಡುವಷ್ಟರಲ್ಲಿ ಹೊಟ್ಟೆ ಗುಂಡಿಗಳನ್ನು ದಾಟಿ ಮುಂದೆ ಹೋಗಿತ್ತು. ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟೆ. ಬಿಚ್ಚಿ ಹೊಲಿದದ್ದಕ್ಕೆ ಕೂಲಿ ಕೇಳಿದೆ. ಕೋಟು ಕಾದದ್ದಕ್ಕೆ ಕೇಳಲಿಲ್ಲ. ಏಕೆಂದರೆ ಆ ಮೊಳೆಗಾಗಿ ಬೇರೆ ಯಾವ ಕೋಟೂ ಸರದಿಯಲ್ಲಿ ನಿಂತಿರಲಿಲ್ಲ. ಗಿರಾಕಿಯ ತಡದಿಂದ ನನಗೆ ನಷ್ಟವಾದರೆ ಅದನ್ನು ಅವನು ಭರಿಸಲಿ; ನಷ್ಟವೇ ಆಗದಿದ್ದರೆ ಬರೀ ಸಿಟ್ಟಿಗೆ ಬೆಲೆ ಕಟ್ಟಿ ವಸೂಲಿ ಮಾಡುವುದು ವ್ಯಾಪಾರವೇ?

ತಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಜನ ಕಿಕ್ಕಿರಿದ ದಿನ ಒಬ್ಬರು ತಡಮಾಡಿದರೆ ಅವರ ಹಿಂದಿನವರೆಲ್ಲ ಬಿಸಿಲಲ್ಲಿ ಒಣಗಬೇಕು. ಅಂಥ ದಿನ ನಮ್ಮ ದೋಣಿಯನ್ನು ಅವರಿಗೆ ಕೊಟ್ಟುಬಿಡಿ. ನಾವು ದಡದಲ್ಲಿ ಕೂತು ಕಡಲೆಕಾಯಿ ತಿನ್ನುತ್ತೇವೆ, ದೋಣಿ ಖಾಲಿಯಾದಾಗ ಹತ್ತುತ್ತೇವೆ, ಮುಂಗಡ ಮುರಿದುಕೊಂಡರೂ ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಆ ಭಾನುವಾರ ತಮ್ಮ ದೋಣಿಗಳೆಲ್ಲ ಸಾಲಾಗಿ ಕಂಬಕ್ಕೆ ಕಟ್ಟಿಕೊಂಡು ತೂಕಡಿಸುತ್ತಿದ್ದವು. ಸರದಿಯಲ್ಲಿ ಇದ್ದದ್ದು ಎರಡು ಬಾತುಕೋಳಿ. ಅವೂ ಟಿಕೆಟ್ ತೆಗೆದುಕೊಂಡಂತೆ ಕಾಣಲಿಲ್ಲ.

ಇನ್ನು ನಮ್ಮ ತಡದ ವಿಚಾರಣೆ ಆಗಲಿ. ಬಸ್ಸು ತಡವಾಗಿದ್ದು ನಿಜ, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಒಳಗೆ ಕುರ್ಚಿಯ ಬೆನ್ನಿಗೆ ಹಾಕಿದ ಅಂಗಿ ಇತ್ತು, ತಿರುಗುತ್ತಿದ್ದ ಫ್ಯಾನು ಇತ್ತು, ಮನುಷ್ಯ ಇರಲಿಲ್ಲ. "ಚಹಾಕ್ಕೆ ಹೋಗಿದ್ದಾರೆ, ಬರ್ತಾರೆ" ಎಂದು ದೋಣಿ ನಡೆಸುವಾತ ಹೇಳಿದ. ಬಂದರು. ಆ ಚಹಾ ಕುಡಿದು ಮುಗಿದದ್ದೂ ನಮ್ಮ ಅರ್ಧ ಗಂಟೆಯಲ್ಲೇ ಎಂದು ಆಮೇಲೆ ತಿಳಿಯಿತು. ನಾವು ತಡಮಾಡಿದರೆ ಅದು ಅಶಿಸ್ತು, ಕೇಂದ್ರ ತಡಮಾಡಿದರೆ ಅದು ಆಡಳಿತ. ಇರಲಿ.

ಆಮೇಲೆ ಲೈಫ್ ಜಾಕೆಟ್ಟಿನ ಸರದಿ. ಒಂದರ ಬಕಲ್ ಮುರಿದಿತ್ತು, ಇನ್ನೊಂದು ದೊಡ್ಡಮ್ಮನ ಸುತ್ತಳತೆಗೆ ಒಪ್ಪಲಿಲ್ಲ. ನಾನು ದರ್ಜಿಯಾಗಿದ್ದೂ ಏನೂ ಮಾಡಲಾಗಲಿಲ್ಲ, ಕತ್ತರಿ ತಂದಿರಲಿಲ್ಲ. ಕೊನೆಗೆ ಒಂದು ಸಿಕ್ಕಿತು. ನಂತರ ದೋಣಿ ಹತ್ತುವ ಹಲಗೆಯ ತುದಿ. ಎರಡು ದೋಣಿಯ ಮೇಲೆ ಕಾಲಿಡಬಾರದು ಅನ್ನುತ್ತಾರೆ. ನಮ್ಮ ದೊಡ್ಡಮ್ಮನಿಗೆ ಒಂದೇ ದೋಣಿಯಲ್ಲಿ ಒಂದು ಕಾಲಿಡುವುದೇ ಜೀವ ಹೋಗುವ ಕೆಲಸ. ಅವರು ಕಾಲಿಟ್ಟರೆ ದೋಣಿ ಅಲ್ಲಾಡುತ್ತಿತ್ತು, ದೋಣಿ ಅಲ್ಲಾಡಿದರೆ ಕಾಲು ವಾಪಸು ಬರುತ್ತಿತ್ತು.

"ಅದನ್ನ ಸ್ವಲ್ಪ ಸುಮ್ನಿರೋಕೆ ಹೇಳಪ್ಪ," ಎಂದರು.

"ನೀರಮ್ಮಾ ಅದು, ನನ್ನ ಮಾತು ಕೇಳುತ್ತಾ?" ಎಂದ ಆತ.

"ಹಾಗಾದ್ರೆ ನಾನೂ ಕೇಳಲ್ಲ. ತಡಿ, ಹತ್ತುತೀನಿ. ಕೈ ಹಿಡ್ಕೊಳ್ಳೇ ನೀನು, ನೋಡ್ತಾ ನಿಂತಿದ್ದೀಯಲ್ಲ!" ಎಂದು ನನ್ನ ಮೇಲೆ ರೇಗಿದರು.

ಆ ದೋಣಿಯಾತನ ತಾಳ್ಮೆಗೆ ನನ್ನ ನಮಸ್ಕಾರ. ಅವನ ಮೇಲೆ ದಯವಿಟ್ಟು ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ಅಂತೂ ಇಂತೂ ದೊಡ್ಡಮ್ಮ ಕೂತರು. ಕಣ್ಣು ಗಟ್ಟಿಯಾಗಿ ಮುಚ್ಚಿ, ನನ್ನ ಮೊಣಕೈಯನ್ನು ಹಿಡಿಕೆಯಂತೆ ಹಿಡಿದುಕೊಂಡರು. ಆತ ಹುಟ್ಟು ಹಾಕಿದ. ನೀರಿನ ನಡುವೆ ತಾವು ತೇಲಿಬಿಟ್ಟಿರುವ ಕೆಂಪು ಡ್ರಮ್ಮಿನ ಕಡೆಗೆ ದೋಣಿ ಮೆಲ್ಲಗೆ ಹೊರಟಿತು. ಅರ್ಧ ದಾರಿಯಲ್ಲಿ ದೊಡ್ಡಮ್ಮ ಮೊದಲು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ಅಷ್ಟರಲ್ಲಿ ದಡದಿಂದ ಸೀಟಿ. ಮೈಕಿನಲ್ಲಿ, "ಏಳನೇ ನಂಬರ್, ನಿಮ್ಮ ಟೈಮ್ ಮುಗೀತು, ವಾಪಸ್ ಬನ್ನಿ!"

"ಮುಗೀತಾ?" ಎಂದರು ದೊಡ್ಡಮ್ಮ. "ಈಗ ತಾನೇ ಕಣ್ಣು ಬಿಟ್ಟೆನಲ್ಲೋ!"

ಡ್ರಮ್ಮಿನ ತನಕ ಹೋಗೋಣ ಎಂದು ನಾನು ಬೇಡಿಕೊಂಡೆ. ಆತ ದಡದ ಕಡೆ ನೋಡಿದ, ತಲೆ ಕೆರೆದುಕೊಂಡ, ದೋಣಿ ತಿರುಗಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಿಟಕಿಯಲ್ಲಿ ಎರಡನೇ ಶುಲ್ಕ ಕೇಳಿದಾಗ ನಾನು ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತೆ. ಚಹಾಕ್ಕೆ ಹೋಗಿದ್ದವರು ಕತ್ತೆತ್ತದೆ, "ನೀವು ತಡವಾಗಿ ಬಂದ್ರಿ, ನಿಯಮ ನಿಯಮಾನೇ" ಎಂದರು. ನಮ್ಮ ದೊಡ್ಡಮ್ಮ ಎಂಥವರೆಂದರೆ, ಬಸ್ಸಿನಲ್ಲಿ ಚಿಲ್ಲರೆ ಬಿಡದವರು, ತಕ್ಕಡಿಯ ಮುಳ್ಳಿನ ಜೊತೆಗೂ ವಾದ ಮಾಡುವವರು. ಈಗ ತಮ್ಮವರ ಬಾಯಿ ಮುಚ್ಚಿಸುತ್ತಾರೆ ಎಂದು ನಾನು ಕಾದೆ. ಅವರು ಮೆಲ್ಲಗೆ, "ಹೌದಪ್ಪ, ತುಂಬಾ ತಡವಾಗೇ ಬಂದೆ" ಎಂದು ಕೊಟ್ಟುಬಿಟ್ಟರು.

ನನಗೆ ಗಾಬರಿಯಾಯಿತು. ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿ ಕೇಳಿದೆ. ಆಗ ಹೇಳಿದರು. ದೊಡ್ಡಪ್ಪನಿಗೆ ದೋಣಿಯೆಂದರೆ ಪ್ರಾಣವಂತೆ. ಮದುವೆಯಾದ ದಿನ ಬಂದಾಗಲೆಲ್ಲ ವರ್ಷಾ ವರ್ಷಾ ಇಲ್ಲಿಗೇ ಬರುತ್ತಿದ್ದರಂತೆ. ದೊಡ್ಡಮ್ಮ ಹೆದರಿ ಹತ್ತುತ್ತಿರಲಿಲ್ಲ. ಅವರ ಚಪ್ಪಲಿ ಕಾಯುತ್ತಾ ದೀಪದ ಕಂಬದ ಪಕ್ಕ ನಿಲ್ಲುತ್ತಿದ್ದರು. ದೊಡ್ಡಪ್ಪ ಒಬ್ಬರೇ ಡ್ರಮ್ಮಿನ ತನಕ ಹೋಗಿ ಅಲ್ಲಿಂದ ಕೈ ಬೀಸುತ್ತಿದ್ದರು. ಬಂದವರು ಪ್ರತಿ ಸಲವೂ, "ಅಲ್ಲಿಂದ ನೀನು ಎಷ್ಟು ಚೆನ್ನಾಗಿ ಕಾಣ್ತೀಯ ಗೊತ್ತಾ? ಒಂದು ಸಲ ಬಂದು ನೋಡು" ಎನ್ನುತ್ತಿದ್ದರಂತೆ.

"ನಾನೇ ದೋಣೀಲಿ ಕೂತ್ರೆ ದಡದಲ್ಲಿ ಕಾಣೋದ್ಯಾರು, ನಿಮ್ಮ ತಲೆ ಅಂತ ಬೈತಿದ್ದೆ ಕಣೆ," ಎಂದು ದೊಡ್ಡಮ್ಮ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ದೊಡ್ಡಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ನನಗೆ ತಮ್ಮ ಮೇಲೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ.

ಮಾನ್ಯರೇ, ಕೊಟ್ಟ ಹಣ ವಾಪಸು ಬೇಡ. ನಿಯಮದಲ್ಲಿ ಒಂದು ಸಾಲು ತಿದ್ದಿ: ಯಾರೂ ಕಾಯುತ್ತಿಲ್ಲದಾಗ ಹೊತ್ತಿನ ಎಣಿಕೆ ಕಂಬದ ಹಗ್ಗ ಬಿಚ್ಚಿದಾಗ ಶುರುವಾಗಲಿ. ಒಂದು ತಡಕ್ಕೆ ಒಂದೇ ಶುಲ್ಕವಿರಲಿ. ತಿದ್ದುಪಡಿಗೆ ಸಮಿತಿ ಬೇಕು, ಸಮಿತಿಗೆ ಸಭೆ ಬೇಕು, ಸಭೆಗೆ ಚಹಾ ಬೇಕು ಎಂಬುದನ್ನು ಬಲ್ಲೆ. ತಾವು ತಡಮಾಡಿದರೆ ನಾನು ಶುಲ್ಕ ವಿಧಿಸುವುದಿಲ್ಲ.

ಆದರೆ ಬರುವ ಭಾನುವಾರ ನಾವು ಮತ್ತೆ ಬರುತ್ತಿದ್ದೇವೆ. ದೊಡ್ಡಮ್ಮನನ್ನು ದೋಣಿ ಹತ್ತಿಸಲು ಈ ಸಲವೂ ಹೊತ್ತು ಹಿಡಿಯುತ್ತದೆ. ದೋಣಿಯಲ್ಲಿ ದೋಣಿಯಾತನ ಜೊತೆ ಅವರೊಬ್ಬರೇ ಇರುತ್ತಾರಂತೆ. ನಾನು ಅವರ ಸೀರೆ ಉಟ್ಟು, ಅವರ ಚಪ್ಪಲಿ ಕಾಯುತ್ತಾ ದೀಪದ ಕಂಬದ ಪಕ್ಕ ನಿಲ್ಲಬೇಕಂತೆ, ಹಾಗೆಂದು ಅಪ್ಪಣೆಯಾಗಿದೆ. ಅವರು ಡ್ರಮ್ಮಿನ ತನಕ ಹೋಗಿ, ತಿರುಗಿ ನೋಡಿ, ಕೈ ಬೀಸುವವರೆಗೆ ಆ ಸೀಟಿ ಊದಬೇಡಿ.

ಇಂತಿ,
ಬೇಗ ಬರಲು ನಿಜವಾಗಿಯೂ ಪ್ರಯತ್ನಪಡುವ,
ಏಳನೇ ನಂಬರ್ ದೋಣಿಯ ದರ್ಜಿ